ಉಪ್ಪಿನ ಡಬ್ಬಿ ಕೆಳಗಿಡಿ, ಗೋಣಿಚೀಲ ತೆಗೆದುಕೊಳ್ಳಿ



ಮಳೆಗಾಲ ಶುರುವಾದ ಮೇಲೆ ಒಂದು ದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿ. ರಾತ್ರಿ ಚೆನ್ನಾಗಿದ್ದ ಪಾಲಕ್ ಎಲೆಯಲ್ಲಿ ಅಡ್ಡಾದಿಡ್ಡಿ ತೂತು. ಹೀರೇಬಳ್ಳಿಯ ಎಳೆ ಕುಡಿ ಮಾಯ. ತಿಂದವರು ಯಾರೂ ಕಾಣುವುದಿಲ್ಲ. ಆದರೆ ಬಚ್ಚಲ ಗೋಡೆಯ ಮೇಲೆ, ಮಣ್ಣಿನ ಮೇಲೆ ಬೆಳ್ಳಿಯ ಗೆರೆಯಂತೆ ಒಣಗಿದ ಲೋಳೆ ಹೊಳೆಯುತ್ತಿದೆಯೇ? ಹಾಗಿದ್ದರೆ ಕಳ್ಳ ಸಿಕ್ಕ ಹಾಗೆ. ಕಂಬಳಿಹುಳ ತಿಂದರೆ ಹಿಕ್ಕೆ ಉಳಿಯುತ್ತದೆ, ಲೋಳೆ ಗೆರೆ ಉಳಿಯುವುದಿಲ್ಲ. ಇದು ಬಸವನಹುಳ. ಕೊತ್ತಪಲ್ಲಿ ಕಡೆ ನಿಮ್ಮ ತೆಲುಗು ಗೆಳೆಯರು ಇದನ್ನೇ ‘ನತ್ತ’ ಅಂತಾರೆ. ಚಿಪ್ಪಿಲ್ಲದ ಅದರ ಸಂಬಂಧಿಯನ್ನು ಇಲ್ಲಿ ಲೋಳೆಹುಳ ಅನ್ನೋಣ. ಹೆಸರಿನಲ್ಲಿ ಹುಳ ಇದ್ದರೂ ಎರಡೂ ಹುಳಗಳಲ್ಲ, ಮೃದ್ವಂಗಿಗಳು.

ಈ ಮಾತು ತರಗತಿಯಲ್ಲಿ ಬಂದರೆ ಸಾಕು, ಒಬ್ಬರಾದರೂ ಹೇಳ್ತಾರೆ: “ಸರ್, ಉಪ್ಪು ಹಾಕಿದ್ರ ಸಾಯ್ತಾವ್ರಿ!” ನಿಜ, ಸಾಯುತ್ತವೆ. ನಾನೂ ಒಮ್ಮೆ ನಮ್ಮ ಮನೆಯ ಪಾಲಕ್ ಮಡಿಗೆ ಹಿಡಿಗಟ್ಟಲೆ ಉಪ್ಪು ಚೆಲ್ಲಿದ್ದೆ. ಲೋಳೆಹುಳ ಸತ್ತವು. ಒಂದು ವಾರದೊಳಗೆ ಪಾಲಕ್ ಕೂಡ ಸುಟ್ಟ ಹಾಗೆ ಒಣಗಿತು. ಅಭಿಸರಣೆಯ ಪಾಠ ಮಾಡುವ ಮೇಷ್ಟ್ರೇ ಅದನ್ನು ಮರೆತಿದ್ದೆ!

ಆಗಿದ್ದು ಏನು ಅಂದರೆ, ಬಸವನಹುಳದ ತೆಳು ಚರ್ಮದ ಮೇಲೆ ಯಾವಾಗಲೂ ಲೋಳೆ ಇರುತ್ತದೆ. ಉಪ್ಪು ಅದರಲ್ಲಿ ಕರಗಿ ಗಟ್ಟಿ ದ್ರಾವಣವಾಗುತ್ತದೆ. ಅಭಿಸರಣೆಯಿಂದ ಮೈಯೊಳಗಿನ ನೀರು ಹೊರಗೆ ಬರುತ್ತದೆ, ಪ್ರಾಣಿ ಒಣಗಿ ಸಾಯುತ್ತದೆ. ಮಣ್ಣಿಗೆ ಬಿದ್ದ ಉಪ್ಪು ಬೇರಿಗೂ ಇದನ್ನೇ ಮಾಡುತ್ತದೆ, ನೀರು ಹೀರಲು ಬಿಡುವುದಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ. ಹಾಕಿದ ಉಪ್ಪು ತೊಳೆದುಹೋಗದೆ ಮಣ್ಣಿನಲ್ಲೇ ಉಳಿಯುತ್ತದೆ. ಹುಳ ಸಾಯುವುದು ಒಂದು ದಿನ, ಮಣ್ಣು ಕೆಡುವುದು ಬಹುಕಾಲ.

ಹಾಗಾದರೆ ಏನು ಮಾಡಬೇಕು? ಒಂದೇ ಮಾತು ನೆನಪಿಡಿ: ಬಸವನಹುಳದ ಬದುಕೆಲ್ಲ ತೇವ. ಅದು ತನ್ನ ಒಂದೇ ಪಾದದ ಕೆಳಗೆ ಲೋಳೆ ಸುರಿಸಿಕೊಂಡು ಅದರ ಮೇಲೆ ಜಾರುತ್ತದೆ. ಹೆಜ್ಜೆ ಹೆಜ್ಜೆಗೂ ನೀರು ಖರ್ಚು. ಅದಕ್ಕೇ ಬಿಸಿಲಿಗೆ ಬರುವುದಿಲ್ಲ, ರಾತ್ರಿ ಮತ್ತು ಮಳೆಯಲ್ಲಿ ಮಾತ್ರ ತಿರುಗುತ್ತದೆ. ಬೇಸಿಗೆಯಲ್ಲಿ ಬಸವನಹುಳ ಮಣ್ಣಿನ ಬಿರುಕು, ಕಲ್ಲಿನ ಸಂದಿ ಸೇರಿ, ಚಿಪ್ಪಿನ ಬಾಯಿಗೆ ಲೋಳೆಯದೇ ಮುಚ್ಚಳ ಹಾಕಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಇದೇ ಗ್ರೀಷ್ಮ ನಿದ್ರೆ. ಮೊದಲ ಮಳೆಗೆ ‘ಎಲ್ಲಿಂದಲೋ ಬಂದವು’ ಅಂತೀವಲ್ಲ, ಅವು ಅಲ್ಲೇ ಇದ್ದವು.

ತೇವ ಹಿಡಿದರೆ ಹುಳ ಹಿಡಿದಂತೆ. ಹೀಗೆ ಮಾಡಿ:

1. ಗಿಡಕ್ಕೆ ಸಂಜೆ ಬದಲು ಬೆಳಿಗ್ಗೆ ನೀರು ಹಾಕಿ. ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಒಣಗಿರುತ್ತದೆ.

2. ಬಚ್ಚಲ ನೀರು ಮಡಿಯ ಪಕ್ಕ ನಿಲ್ಲದಂತೆ ಕಾಲುವೆ ತೋಡಿ. ಗೋಡೆಗೆ ಒರಗಿಸಿದ ಶಹಾಬಾದ್ ಕಲ್ಲು, ಒಡೆದ ಕುಂಡ, ಹಳೆ ಹಲಗೆ ತೆಗೆಯಿರಿ. ಅವೇ ಅವುಗಳ ಮನೆ.

3. ಸಂಜೆ ಗೋಣಿಚೀಲ ನೆನೆಸಿ ಮಡಿಯ ಬದಿಗೆ ಹಾಸಿ, ಕೆಳಗೆ ನಾಲ್ಕು ಕೋಸಿನ ಎಲೆ ಇಡಿ. ಬೆಳಗಾಗುತ್ತಲೇ ಎತ್ತಿ ನೋಡಿ, ತೇವಕ್ಕೆ ಬಂದು ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ, ಗಟ್ಟಿ ಸಾಬೂನು ನೀರಿನ ಬಕೆಟ್‌ಗೆ ಹಾಕಿ. ಸತ್ತ ಮೇಲೆ ಗುಂಡಿ ತೋಡಿ ಹೂಳಿ.

4. ಸಸಿಯ ಸುತ್ತ ಒಲೆಯ ಒಣ ಬೂದಿಯನ್ನು ತೆಳ್ಳಗೆ ಹಾಕಬಹುದು. ನೆನೆದರೆ ಅದರ ಗುಣ ಹೋಯಿತು.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೂ ವಿಷ. ಮನೆಯ ಹಿತ್ತಲಿಗೆ ಅದು ಬೇಡ.

ಬರಿಗೈಲಿ ಮಾತ್ರ ಮುಟ್ಟಬೇಡಿ. ಇಲಿಯ ಶ್ವಾಸಕೋಶದಲ್ಲಿ ಬದುಕುವ ಒಂದು ಪರಾವಲಂಬಿ ಹುಳದ ಮರಿಗಳು ಬಸವನಹುಳದ ಮೈಯಲ್ಲಿ ಇರಬಹುದು. ಅವು ನಮ್ಮ ಹೊಟ್ಟೆ ಸೇರಿದರೆ ಮೆದುಳಿನ ಪೊರೆಗೆ ಉರಿಯೂತ ಬರಬಹುದು. ಕೈ ಸಾಬೂನಿನಿಂದ ತೊಳೆಯಿರಿ. ಸೊಪ್ಪು ಎಲೆ ಎಲೆಯಾಗಿ ತೊಳೆದು ಬೇಯಿಸಿ ತಿನ್ನಿ.

ಇಷ್ಟು ಸಣ್ಣ ಪ್ರಾಣಿಗೆ ಇಷ್ಟೊಂದು ಯಾಕೆ ಅನ್ನಬಹುದು. ಅದಕ್ಕೆ ಒಂದು ಕಥೆ ಇದೆ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುತಜ್ಞ ಮಾರಿಷಸ್‌ನಿಂದ ಆಫ್ರಿಕಾದ ದೈತ್ಯ ಬಸವನಹುಳಗಳನ್ನು ತಂದು ಕಲ್ಕತ್ತಾದ ಚೌರಂಗಿಯ ಒಂದು ತೋಟದಲ್ಲಿ ಬಿಟ್ಟ. ಇವು ದ್ವಿಲಿಂಗಿಗಳು, ಪ್ರತಿಯೊಂದೂ ಮೊಟ್ಟೆ ಇಡಬಲ್ಲದು, ಅದೂ ಒಂದು ಸಲಕ್ಕೆ ನೂರಕ್ಕಿಂತ ಹೆಚ್ಚು. ಈಗ ಅವು ದೇಶದ ಎಷ್ಟೋ ಕಡೆ ಇವೆ. ಕೊಡಗಿನ ಶನಿವಾರಸಂತೆ ಸುತ್ತಲಿನ ಕಾಫಿ ತೋಟಗಳಿಗೂ ಕಾಟ ಕೊಟ್ಟಿವೆ. ಸಸಿ, ಮಣ್ಣು, ಗೊಬ್ಬರದ ಜೊತೆ ಮೊಟ್ಟೆಗಳು ಊರಿಂದ ಊರಿಗೆ ಸಾಗುತ್ತವೆ. ನರ್ಸರಿಯಿಂದ ಗಿಡ ತಂದರೆ ಕುಂಡದ ತಳ ನೋಡಿ.

ಇದನ್ನು ತಿನ್ನಲಿ ಅಂತ 1955ರಲ್ಲಿ ಹವಾಯಿ ದ್ವೀಪಗಳಿಗೆ ಇನ್ನೊಂದು ಬೇಟೆಗಾರ ಬಸವನಹುಳವನ್ನು ತಂದರು. ಅದು ದೈತ್ಯನನ್ನು ಬಿಟ್ಟು ಅಲ್ಲಿನ ಸ್ಥಳೀಯ ಬಸವನಹುಳಗಳನ್ನೇ ತಿಂದಿತು, ಕೆಲವು ಜಾತಿಗಳು ಅಳಿದೇ ಹೋದವು. ನಮ್ಮಲ್ಲಿ ಬೇಟೆಗಾರರು ಮೊದಲಿಂದಲೂ ಇದ್ದಾರೆ: ಕೆಂಬೂತ, ಕಪ್ಪೆ, ಮಿಂಚುಹುಳದ ಮರಿ. ಅವನ್ನು ಓಡಿಸದಿದ್ದರೆ ಸಾಕು. ಕೊಳೆತ ಎಲೆ ತಿಂದು ಗೊಬ್ಬರ ಮಾಡುವ ಬಸವನಹುಳಗಳೂ ಇವೆ. ತಿಪ್ಪೆಯಲ್ಲಿ ಕಂಡದ್ದನ್ನು ಬಿಡಿ, ಮಡಿಯಲ್ಲಿ ಕಂಡದ್ದನ್ನು ಮಾತ್ರ ಆರಿಸಿ.

ನೀವೇ ಮಾಡಿ ನೋಡಿ: ಒಂದೇ ಅಳತೆಯ ಎರಡು ಗೋಣಿಚೀಲದ ತುಂಡು ತೆಗೆದುಕೊಳ್ಳಿ. ಮಳೆಯಿಲ್ಲದ ಸಂಜೆ ಒಂದನ್ನು ನೆನೆಸಿ, ಇನ್ನೊಂದನ್ನು ಒಣಗಿದ್ದಂತೆಯೇ ಹಾಸಿ. ಏಳು ದಿನ ಬೆಳಿಗ್ಗೆ ಎರಡರ ಕೆಳಗೂ ಎಣಿಸಿ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ. ‘ಬದುಕೆಲ್ಲ ತೇವ’ ಅಂತ ನಾನು ಹೇಳಿದ್ದು ಸರಿಯೋ ಅಲ್ಲವೋ, ನಿಮ್ಮ ಲೆಕ್ಕವೇ ಹೇಳಲಿ.