ಕ್ರೀಡಾ ಕಾರುಗಳು: ಬೆಲೆಯ ಹಿರಿಮೆ, ಓಟದ ಪರಂಪರೆ

ವೇಗದ ಕಾರುಗಳ ಚಿತ್ರಗಳನ್ನು ಕೋಣೆಯ ಗೋಡೆಗೆ ಅಂಟಿಸಿಕೊಳ್ಳುವ ಮಕ್ಕಳು ಅನೇಕ ಮನೆಗಳಲ್ಲಿದ್ದಾರೆ. ಹಿರಿಯರು ಅದನ್ನು ಕಂಡು ನಕ್ಕು ಸುಮ್ಮನಾಗುವುದುಂಟು. ಹಣವಂತರ ಹುಚ್ಚೆಂದು ತಳ್ಳಿಹಾಕುವುದೂ ಉಂಟು. ಆದರೆ ಆ ಚಿತ್ರಗಳ ಹಿಂದೆ ಒಂದು ಶತಮಾನದ ಪರಿಶ್ರಮ, ಸ್ಪರ್ಧೆ ಮತ್ತು ಪ್ರಾಣಹಾನಿಗಳ ಇತಿಹಾಸವಿದೆ. ಅದನ್ನು ಅರಿತಾಗ, ಯಾವ ಕಾರು ನಿಜವಾಗಿ ಹಿರಿದು ಎಂಬ ಪ್ರಶ್ನೆಗೆ ಬೆಲೆಪಟ್ಟಿ ಕೊಡುವ ಉತ್ತರಕ್ಕಿಂತ ಬೇರೆಯೇ ಉತ್ತರ ದೊರೆಯುತ್ತದೆ.

ಕ್ರೀಡಾ ಕಾರುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ದಿನಬಳಕೆಯದು. ಕಚೇರಿಗೂ ಪೇಟೆಗೂ ಹೋಗಿ ಬರಲು ಯೋಗ್ಯವಾದುದು. ಮಳೆ ಬಿಸಿಲೆನ್ನದೆ ನಡೆಯುವಂಥದು. ಎರಡನೆಯದು ಅಪೂರ್ವವಾದುದು. ಸಂಖ್ಯೆಯಲ್ಲಿ ಕಡಿಮೆ, ಬೆಲೆಯಲ್ಲಿ ಅಪಾರ, ನೋಟಕ್ಕೆ ಬೆರಗು, ಪಾಲನೆಗೆ ಕಠಿಣ. ಈ ಎರಡನೆಯ ಬಗೆಯ ಕಾರುಗಳಿಗೆ ಪಂದ್ಯದ ಪರಂಪರೆಯೂ ತಾನಾಗಿಯೇ ಇರುತ್ತದೆಂಬುದು ಜನಸಾಮಾನ್ಯರ ಭಾವನೆ. ಅದು ಅರ್ಧ ಸತ್ಯ ಮಾತ್ರ.

ಆ ಅರ್ಧ ಸತ್ಯಕ್ಕೆ ಆಧಾರ ಫೆರಾರಿ. ಇಟಲಿಯ ಮೊಡೆನಾದಲ್ಲಿ 1898ರಲ್ಲಿ ಜನಿಸಿದ ಎಂಜೋ ಫೆರಾರಿಯವರು 1929ರಲ್ಲಿ ಪಂದ್ಯದ ತಂಡವೊಂದನ್ನು ಕಟ್ಟಿದರು. ಅವರ ಹೆಸರನ್ನು ಹೊತ್ತ ಮೊದಲ ಕಾರು ಹೊರಬಂದುದು 1947ರಲ್ಲಿ. ಪಂದ್ಯಗಳ ವೆಚ್ಚವನ್ನು ಭರಿಸುವುದಕ್ಕಾಗಿ ಅವರು ರಸ್ತೆಯ ಕಾರುಗಳನ್ನು ಮಾರುತ್ತಿದ್ದರು. ಫ್ರಾನ್ಸಿನ ಲ ಮಾನ್ ಊರಿನಲ್ಲಿ 1923ರಲ್ಲಿ ಆರಂಭವಾದ ಪಂದ್ಯವು 24 ಗಂಟೆಗಳ ಕಾಲ, ಹಗಲಿರುಳೆನ್ನದೆ ನಡೆಯುವ ಪರೀಕ್ಷೆ. ಅಲ್ಲಿ ವೇಗದಷ್ಟೇ ಬಾಳಿಕೆಯೂ ಮುಖ್ಯ. 1960ರಿಂದ 1965ರವರೆಗೆ ಸತತ ಆರು ಬಾರಿ ಫೆರಾರಿ ಕಾರುಗಳೇ ಅಲ್ಲಿ ಗೆದ್ದವು. 1966ರಲ್ಲಿ ಅಮೆರಿಕದ ಫೋರ್ಡ್ ಸಂಸ್ಥೆ ಮೊದಲ ಮೂರೂ ಸ್ಥಾನಗಳನ್ನು ಪಡೆದು ಆ ಸರಣಿಯನ್ನು ಮುರಿಯಿತು. ದಶಕಗಳ ಅಂತರದ ಬಳಿಕ 2023, 2024 ಮತ್ತು 2025ರಲ್ಲಿ ಫೆರಾರಿ ಮತ್ತೆ ಜಯ ಸಾಧಿಸಿತು. ಇಲ್ಲಿ ಹೆಸರಿಗೆ ತಕ್ಕ ಸಾಧನೆಯಿದೆ.

ಲ್ಯಾಂಬೊರ್ಗಿನಿಯ ಕಥೆ ಹಾಗಲ್ಲ. ಟ್ರ್ಯಾಕ್ಟರ್‌ಗಳನ್ನು ತಯಾರಿಸಿ ಸಿರಿವಂತರಾದ ಫೆರುಚ್ಚೋ ಲ್ಯಾಂಬೊರ್ಗಿನಿಯವರು 1963ರಲ್ಲಿ ಕಾರಿನ ಕಾರ್ಖಾನೆ ತೆರೆದರು. ಪಂದ್ಯಗಳಿಗೆ ಹಣ ಸುರಿಯುವುದು ಅವರಿಗೆ ಒಪ್ಪಿಗೆಯಿರಲಿಲ್ಲ. 1966ರಲ್ಲಿ ಬಂದ ಅವರ ಮಿಯೂರಾ ಕಾರು, ಹನ್ನೆರಡು ಸಿಲಿಂಡರ್‌ಗಳ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಇರಿಸಿಕೊಂಡು ಜಗತ್ತನ್ನೇ ಬೆರಗುಗೊಳಿಸಿತು. ಆದರೆ ಆ ಬೆರಗಿನ ಹಿಂದೆ ಪಂದ್ಯದ ಗೆಲುವುಗಳಿರಲಿಲ್ಲ. ಬೆಲೆಯೂ ಸೊಬಗೂ ಬೇರೆ, ಓಟದ ಪರಂಪರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ದಿನಬಳಕೆಯ ಕಡೆಗೆ ನೋಡೋಣ. ಜರ್ಮನಿಯ ಪೋರ್ಷೆ 911 ಮೊದಲು ಪ್ರದರ್ಶನಗೊಂಡದ್ದು 1963ರಲ್ಲಿ, ಫ್ರಾಂಕ್‌ಫರ್ಟಿನಲ್ಲಿ. ಹಿಂಬದಿಯಲ್ಲಿ ಎಂಜಿನ್, ಅದರ ಮುಂದೆ ಮಕ್ಕಳು ಕೂರುವಷ್ಟು ಕಿರಿದಾದ ಎರಡು ಆಸನಗಳು, ನಿತ್ಯದ ಓಡಾಟಕ್ಕೆ ಒಗ್ಗುವ ಮೈಕಟ್ಟು. ಇದೇ ಕಾರು 1968ರಲ್ಲಿ ಮಂಜಿನ ಬೆಟ್ಟದಾರಿಗಳ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿತು. 1984ರಲ್ಲಿ ಇದರ ಮಾರ್ಪಡಿಸಿದ ರೂಪವು ಮರುಭೂಮಿಯ ಪ್ಯಾರಿಸ್–ಡಕಾರ್ ಪಂದ್ಯವನ್ನು ಗೆದ್ದಿತು. 1979ರಲ್ಲಿ ಲ ಮಾನ್‌ನಲ್ಲಿ ಪ್ರಥಮ ಸ್ಥಾನ ಪಡೆದದ್ದು 911ರಿಂದಲೇ ರೂಪುಗೊಂಡ 935 ಎಂಬ ಕಾರು. ಲ ಮಾನ್‌ನಲ್ಲಿ ಪೋರ್ಷೆ ಗಳಿಸಿರುವ ಒಟ್ಟು ಗೆಲುವುಗಳು 19. ಬೇರಾವ ಸಂಸ್ಥೆಯೂ ಅಷ್ಟನ್ನು ಗಳಿಸಿಲ್ಲ.

1989ರ ಷಿಕಾಗೋ ಪ್ರದರ್ಶನದಲ್ಲಿ ಜಪಾನಿನ ಎರಡು ಕಾರುಗಳು ಒಟ್ಟಿಗೇ ಕಾಣಿಸಿಕೊಂಡವು. ಒಂದು ಮಾಜ್ದಾ ಎಂಎಕ್ಸ್–5. ಕೇವಲ 1.6 ಲೀಟರ್ ಎಂಜಿನ್, ಹಗುರವಾದ ಮೈ, ಮಧ್ಯಮ ವರ್ಗಕ್ಕೆ ಎಟುಕುವ ಬೆಲೆ. ಸವಾರನೂ ಕುದುರೆಯೂ ಒಂದಾಗಬೇಕೆಂಬ ಜಪಾನೀ ಆದರ್ಶವೇ ಅದರ ತಯಾರಕರ ಗುರಿ. 2016ರ ವೇಳೆಗೆ ಅಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು.

ಮತ್ತೊಂದು ಹೋಂಡಾ ಎನ್‌ಎಸ್‌ಎಕ್ಸ್. 1988ರಲ್ಲಿ ಹೋಂಡಾ ಎಂಜಿನ್ ಹೊತ್ತ ಮೆಕ್ಲಾರೆನ್ ಕಾರುಗಳು ಫಾರ್ಮುಲಾ ಒನ್‌ನ 16 ಪಂದ್ಯಗಳಲ್ಲಿ 15ನ್ನು ಗೆದ್ದಿದ್ದವು. ಆ ತಂಡದ ಚಾಲಕ ಐರ್ಟನ್ ಸೆನ್ನಾ ಹೊಸ ಕಾರನ್ನು ಓಡಿಸಿ ನೋಡಿ, ಮೈಗಟ್ಟು ಇನ್ನೂ ಬಿಗಿಯಾಗಬೇಕೆಂದರು. ತಂತ್ರಜ್ಞರು ಹಾಗೆಯೇ ತಿದ್ದಿದರು. ಅಲ್ಯೂಮಿನಿಯಂ ದೇಹದ ಈ ಕಾರು ಫೆರಾರಿಯೊಡನೆ ಸೆಣಸುವಷ್ಟು ಚುರುಕು. ಆದರೂ ನಿತ್ಯದ ಬಳಕೆಗೆ ಸುಲಭ. ಅಂದಿನ ಫೆರಾರಿ 348ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕಿತ್ತು. ಹೋಂಡಾದಲ್ಲಿ ಆ ಕಷ್ಟವಿರಲಿಲ್ಲ. ಮೆಕ್ಲಾರೆನ್ ಎಫ್–1 ಎಂಬ ಅತ್ಯಪೂರ್ವ ಕಾರನ್ನು ರೂಪಿಸಿದ ಗಾರ್ಡನ್ ಮರ್ರೆಯವರು, ಸವಾರಿಯ ಸುಖ ಮತ್ತು ಹಿಡಿತಗಳಲ್ಲಿ ಹೋಂಡಾ ಕಾರನ್ನೇ ಮಾದರಿಯಾಗಿ ಇಟ್ಟುಕೊಂಡರು. ರಸ್ತೆಗೆಂದೇ ರಚಿತವಾದ ಆ ಎಫ್–1 ಮಾರ್ಪಾಡುಗೊಂಡು 1995ರಲ್ಲಿ ಲ ಮಾನ್ ಪಂದ್ಯವನ್ನೂ ಗೆದ್ದಿತು. ಹೀಗೆ ದಿನಬಳಕೆಯ ಕಾರು ಅಪೂರ್ವ ಕಾರಿಗೆ ಪಾಠ ಹೇಳಿತು.

ಪಂದ್ಯಗಳಿಂದ ಜನಸಾಮಾನ್ಯರಿಗೇನು ಲಾಭವೆಂದು ಕೇಳುವವರುಂಟು. 1953ರಲ್ಲಿ ಲ ಮಾನ್ ಗೆದ್ದ ಜಾಗ್ವಾರ್ ಕಾರಿಗೆ ಡಿಸ್ಕ್ ಬ್ರೇಕುಗಳಿದ್ದವು. ಪದೇ ಪದೇ ಬ್ರೇಕು ಹಾಕಿದಾಗ ಹಳೆಯ ಡ್ರಮ್ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತೆರೆದ ಡಿಸ್ಕಿಗೆ ಗಾಳಿ ತಾಗಿ ಬೇಗ ತಣಿಯುತ್ತದೆ. ಇಂದು ನಮ್ಮ ಮನೆಯ ಮುಂದೆ ನಿಲ್ಲುವ ಸಾಧಾರಣ ಕಾರಿನ ಮುಂಗಾಲಿಗಳಲ್ಲಿಯೂ ಆ ಡಿಸ್ಕ್ ಇದೆ. ಆದರೆ ಎರಡೇ ವರ್ಷಗಳ ಬಳಿಕ, 1955ರಲ್ಲಿ, ಅದೇ ಅಂಗಳದಲ್ಲಿ ಕಾರೊಂದು ಜನರ ನಡುವೆ ಸಿಡಿದು ಬಿದ್ದು, ಚಾಲಕನೊಡನೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಅಸುನೀಗಿದರು. ಓಟದ ಪರಂಪರೆಯೆಂಬುದು ಗೆಲುವಿನ ಪಟ್ಟಿಯಷ್ಟೇ ಅಲ್ಲ; ಆ ಸಾವುಗಳ ಲೆಕ್ಕವೂ ಅದರಲ್ಲಿ ಸೇರಿದೆ.

ಆದುದರಿಂದ ಮಕ್ಕಳು ಯಾವುದಾದರೂ ಕಾರಿನ ಚಿತ್ರ ತೋರಿಸಿದಾಗ ಹಿರಿಯರು ಗದರದೆ, ಇದರ ಬೆಲೆ ಎಷ್ಟೆಂದು ಕೇಳುವ ಬದಲು, ಇದು ಏನು ಮಾಡಿ ತೋರಿಸಿದೆ, ಇದರಿಂದ ಇತರರಿಗೆ ಏನು ದೊರಕಿದೆ ಎಂದು ಕೇಳಲಿ. ಪಂದ್ಯದ ವೇಗಕ್ಕೆ ಪಂದ್ಯದ ಅಂಗಳವೇ ತಾಣ, ಊರ ರಸ್ತೆಯಲ್ಲ ಎಂಬುದನ್ನೂ ಆಗಲೇ ತಿಳಿಹೇಳಲಿ. ಹೆಸರಿನಿಂದಲ್ಲದೆ ನಡೆಯಿಂದ ಹಿರಿಮೆಯನ್ನು ಅಳೆಯುವ ಅಭ್ಯಾಸ ಯಂತ್ರಗಳ ವಿಷಯದಲ್ಲಿ ಬಂದರೆ, ಮನುಷ್ಯರ ವಿಷಯದಲ್ಲಿಯೂ ಬಂದೀತು.