ಗಂಟಲುಮಾರಿ: ತಪ್ಪಿಹೋಗುವ ಕೊನೆಯ ಮೂರು ಚುಚ್ಚುಮದ್ದು

ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಕಾಯಿಲೆಯ ಮಾತೇಕೆ ಎಂದು ಕೇಳಬಹುದು. ಬಾವಲಿ ಗಡಿಯಾಚೆ, ವಯನಾಡಿಗೆ ಹೊಂದಿಕೊಂಡ ಮಲಪ್ಪುರಂ ಜಿಲ್ಲೆಯಲ್ಲಿ 2016ರ ಮಳೆಗಾಲದಲ್ಲಿ ಡಿಫ್ತೀರಿಯಾ, ಅಂದರೆ ಗಂಟಲುಮಾರಿ ಹರಡಿತು. ತೀರಿಕೊಂಡವರಲ್ಲಿ ಹದಿಹರೆಯದ ಹುಡುಗರಿದ್ದರು. ನಾವು ವಿದ್ಯಾರ್ಥಿವೇತನ ಕೊಡುವುದೂ ಅದೇ ವಯಸ್ಸಿನವರಿಗೆ.

ಕೆಮ್ಮು, ಸೀನಿನಿಂದ ಹರಡುವ ರೋಗ ಇದು. ಮೊದಲು ಸಣ್ಣ ಜ್ವರ, ಗಂಟಲು ನೋವು, ನೆಗಡಿಯೆಂದು ಬಿಟ್ಟುಬಿಡುತ್ತೇವೆ. ಎರಡು ಮೂರು ದಿನದಲ್ಲಿ ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟುತ್ತದೆ. ಕೆರೆದರೆ ರಕ್ತ ಬರುತ್ತದೆ, ಮನೆಯಲ್ಲಿ ಒರೆಸಲು ಹೋಗಬೇಡಿ. ಪೊರೆ ಉಸಿರಿನ ದಾರಿ ಮುಚ್ಚಿದರೆ ಜೀವಕ್ಕೇ ಅಪಾಯ.

ಇನ್ನೂ ಮೋಸದ ಸಂಗತಿಯೆಂದರೆ ರೋಗಾಣು ಬಿಡುವ ವಿಷ. ಅದು ರಕ್ತ ಸೇರಿ ಹೃದಯವನ್ನೂ ನರಗಳನ್ನೂ ಹಿಡಿಯುತ್ತದೆ. ಗಂಟಲು ವಾಸಿಯಾಯಿತೆಂದುಕೊಂಡ ಮಗು ಒಂದೆರಡು ವಾರದ ಮೇಲೆ ಹೃದಯದ ಬಡಿತ ತಪ್ಪಿ ಕುಸಿಯಬಹುದು. ಕೆಲವರಿಗೆ ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ನರದ ಈ ತೊಂದರೆ ಬಹುಪಾಲು ನಿಧಾನವಾಗಿ ಸರಿಹೋಗುತ್ತದೆ. ಚಿಕಿತ್ಸೆ ಸಿಕ್ಕಿದರೂ ಹತ್ತು ರೋಗಿಗಳಲ್ಲಿ ಸುಮಾರು ಒಬ್ಬರು ಉಳಿಯುವುದಿಲ್ಲ.

ಇದಕ್ಕೆ ಕೊಡುವ ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಮಾತ್ರ ತಡೆಯುತ್ತದೆ, ಹೃದಯಕ್ಕೆ ಅಂಟಿದ್ದನ್ನು ಬಿಡಿಸಲಾರದು. ಅದಕ್ಕೇ ವೈದ್ಯರು ಪರೀಕ್ಷೆಯ ವರದಿಗೆ ಕಾಯುವುದಿಲ್ಲ. ಕೋಟೆಯ ಆಸ್ಪತ್ರೆಯಲ್ಲಿ ಮೈಸೂರಿಗೆ ಹೋಗಿ ಎಂದರೆ, ಬೆಳಗಿನ ಬಸ್ಸಿಗೆ ಹೋದರಾಯಿತು ಎನ್ನಬೇಡಿ. 108ಕ್ಕೆ ಕರೆ ಮಾಡಿ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾವೇಲೆಂಟ್. ಒಂದೂವರೆ ವರ್ಷಕ್ಕೂ ಐದು ವರ್ಷಕ್ಕೂ ಡಿಪಿಟಿ. 10 ಮತ್ತು 16 ವರ್ಷಕ್ಕೆ ಟಿಡಿ. ಹಸುಗೂಸಿನ ಚುಚ್ಚುಮದ್ದು ತಪ್ಪಿಸುವ ತಾಯಂದಿರನ್ನು ನಾನು ಕಂಡದ್ದು ಕಡಿಮೆ. ತಪ್ಪುವುದು ಕೊನೆಯ ಮೂರು. ಕೊಡಗಿನ ತೋಟಕ್ಕೆ ಕೂಲಿಗೆ ಹೋದಾಗ ಒಂದು ತಪ್ಪುತ್ತದೆ. ಜ್ವರ ಬರುತ್ತದೆಂದು ಚುಚ್ಚುಮದ್ದಿನ ದಿನವೇ ಶಾಲೆ ತಪ್ಪಿಸಿದರೆ ಇನ್ನೊಂದು. ಮಗುವಾಗಿದ್ದಾಗ ಹಾಕಿಸಿದ್ದರ ಬಲ ವರ್ಷ ಕಳೆದಂತೆ ಕುಗ್ಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಈ ವಿಷಯದಲ್ಲಿ ದಾನಿಗಳಿಂದ ಹಣ ಕೇಳುತ್ತಿಲ್ಲ, ಲಸಿಕೆ ಸರ್ಕಾರದ್ದು, ಉಚಿತ. ಶುಂಠಿ ಹೊಲ, ಅಂಗಡಿ ಇರುವವರು ಚುಚ್ಚುಮದ್ದಿನ ದಿನ ಕೂಲಿ ಹಿಡಿಯದೆ ತಾಯಂದಿರನ್ನು ಕಳಿಸಿಕೊಟ್ಟರೆ ದೊಡ್ಡ ಉಪಕಾರ.

ಪೋಷಕರು ಅರ್ಜಿಗಾಗಿ ಆದಾಯ ಪ್ರಮಾಣಪತ್ರ ಹುಡುಕುವಾಗ ತಾಯಿ ಕಾರ್ಡನ್ನೂ ಹೊರಗೆ ತೆಗೆದು ನೋಡಿ. ವಿದ್ಯಾರ್ಥಿವೇತನಕ್ಕೆ ಅದು ಷರತ್ತಲ್ಲ. ಕಾರ್ಡ್ ಕಳೆದಿದ್ದರೂ ಆಶಾ ಕಾರ್ಯಕರ್ತೆಯನ್ನು ಕೇಳಿ. ತಡವಾಗಿದ್ದರೂ ಹಾಕುತ್ತಾರೆ, ಏಳು ವರ್ಷ ದಾಟಿದ್ದರೆ ಡಿಪಿಟಿ ಬದಲು ಟಿಡಿ ಕೊಡುತ್ತಾರೆ.