ಹುಲಿ ಬಂತು ಹುಲಿ ಎನ್ನದ ದೀಪ: ಚೆನ್ನೈ ಮನೆಗೊಂದು ಸೆನ್ಸರ್ ಲೈಟ್

ದಸರೆಗೆ ಮೈಸೂರು, ಬೇಸಿಗೆ ರಜೆಗೆ ಉಡುಪಿ, ಮದುವೆ ಮುಂಜಿಗೆ ಧಾರವಾಡ. ಚೆನ್ನೈ ಕನ್ನಡಿಗರ ಮನೆಗೆ ವರ್ಷದಲ್ಲಿ ನಾಲ್ಕಾರು ಸಲವಾದರೂ ಬೀಗ ಬೀಳುತ್ತದೆ. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮೈಸೂರು. ಊರು ಅಷ್ಟು ಹತ್ತಿರವಾದರೂ ಬಿಟ್ಟು ಬಂದ ಮನೆಯ ಚಿಂತೆ ನಮ್ಮ ಜೊತೆಗೇ ರೈಲು ಹತ್ತುತ್ತದೆ. ಅದಕ್ಕೇ ಅನೇಕರು ಹೊರಡುವ ಮುನ್ನ ಪೋರ್ಟಿಕೊದ ದೀಪ ಹಾಕಿ ಹೋಗುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೂ ಉರಿಯುವ ಆ ದೀಪ, ಒಳಗೆ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುತ್ತಿರುತ್ತದೆ.

ಆಳು ಬಂದಾಗ ಮಾತ್ರ ಹೊತ್ತಿ, ಹೋದ ಮೇಲೆ ಆರುವ ಸೆನ್ಸರ್ ಲೈಟ್ ಇದಕ್ಕೆ ಒಳ್ಳೆಯ ಪರಿಹಾರ. ಮನೆಯಲ್ಲಿ ವಯಸ್ಸಾದವರಿದ್ದರಂತೂ ಇನ್ನೂ ಒಳ್ಳೆಯದು. ರಾತ್ರಿ ಹಿತ್ತಲಿಗೋ ಗೇಟಿಗೋ ಹೋಗುವಾಗ ಅವರು ಸ್ವಿಚ್ ತಡಕಾಡಬೇಕಿಲ್ಲ. ರಿಚಿ ಸ್ಟ್ರೀಟಿನ ಅಂಗಡಿಗೆ ಹೋದರೂ, ಆನ್‌ಲೈನಿನಲ್ಲಿ ಹುಡುಕಿದರೂ ಹತ್ತಾರು ಬಗೆ ಸಿಗುತ್ತವೆ. ನಾವು ಸಾಮಾನ್ಯವಾಗಿ ವ್ಯಾಟ್ ನೋಡಿ, ಬೆಲೆ ನೋಡಿ ಕೊಂಡುಬಿಡುತ್ತೇವೆ. ಆದರೆ ನೋಡಬೇಕಾದ್ದು ದೀಪವನ್ನಲ್ಲ, ಅದರ ಕಣ್ಣನ್ನು. ಬೆಕ್ಕು ಬಂದರೂ, ಬೈಕು ಹೋದರೂ, ಬಾಳೆಎಲೆ ಅಲುಗಿದರೂ ಹೊತ್ತುವ ದೀಪ ‘ಹುಲಿ ಬಂತು ಹುಲಿ’ ಕಥೆಯ ಹುಡುಗನಿದ್ದಂತೆ. ಒಂದು ವಾರದಲ್ಲಿ ಮನೆಯವರೂ ನೆರೆಯವರೂ ಅದರತ್ತ ತಲೆ ಎತ್ತುವುದನ್ನೇ ಬಿಡುತ್ತಾರೆ. ನಿಜವಾಗಿ ಕಳ್ಳ ಬಂದ ದಿನ ಅದು ಹೊತ್ತಿದರೂ ಯಾರೂ ನೋಡುವುದಿಲ್ಲ.

ಕಣ್ಣು ಎರಡು ಬಗೆ

ಹೆಚ್ಚಿನ ದೀಪಗಳಲ್ಲಿ ಇರುವುದು ಪಿಐಆರ್ ಸೆನ್ಸರ್. ನಮ್ಮ ಮೈಯಿಂದ ಸದಾ ಹೊರಬೀಳುವ ಇನ್‌ಫ್ರಾರೆಡ್ ಎಂಬ ಶಾಖದ ಕಿರಣವನ್ನು ಅದು ಹಿಡಿಯುತ್ತದೆ. ಅದರ ಮುಂದಿರುವ ಬಿಳಿ ಪ್ಲಾಸ್ಟಿಕ್ ಗುಮ್ಮಟ ನಿಜಕ್ಕೂ ಒಂದು ಲೆನ್ಸು. ಎದುರಿನ ಜಾಗವನ್ನು ಹೋಳು ಹೋಳಾಗಿ ಭಾಗ ಮಾಡುತ್ತದೆ. ಬಿಸಿಯಾದ ವಸ್ತು ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದಾಗ ದೀಪ ಹೊತ್ತುತ್ತದೆ. ಅಂದರೆ ಅದಕ್ಕೆ ಬೇಕಾದ್ದು ಎರಡು: ಚಲನೆ, ಮತ್ತು ಹಿನ್ನೆಲೆಗೂ ಮೈಗೂ ನಡುವೆ ಶಾಖದ ವ್ಯತ್ಯಾಸ.

ಚೆನ್ನೈಯಲ್ಲಿ ತೊಡಕು ಇಲ್ಲೇ. ನಮ್ಮ ಚರ್ಮದ ಹೊರಮೈ ಸುಮಾರು 32ರಿಂದ 34 ಡಿಗ್ರಿ ಇರುತ್ತದೆ. ತಮಿಳರು ‘ಕತ್ತರಿ ವೆಯಿಲ್’ ಎನ್ನುವ ಮೇ ತಿಂಗಳ ಬಿಸಿಲಿನಲ್ಲಿ ಹಗಲೆಲ್ಲ ಕಾದ ಸಿಮೆಂಟ್ ಅಂಗಳವೂ ಕಾಂಪೌಂಡ್ ಗೋಡೆಯೂ ರಾತ್ರಿ ಎಂಟರಲ್ಲೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಆಗ ಸೆನ್ಸರಿಗೆ ಮನುಷ್ಯನೂ ಗೋಡೆಯೂ ಒಂದೇ ಬಣ್ಣದಲ್ಲಿ ಕಂಡಂತಾಗುತ್ತದೆ. ಡಿಸೆಂಬರಿನಲ್ಲಿ ಗೇಟಿನ ಹತ್ತಿರವೇ ನಿಮ್ಮನ್ನು ಗುರುತಿಸಿದ ದೀಪ ಮೇ ತಿಂಗಳಲ್ಲಿ ಮೆಟ್ಟಿಲ ಬಳಿ ಬರುವವರೆಗೂ ಸುಮ್ಮನಿರಬಹುದು. ದೀಪ ಕೆಟ್ಟಿತೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ಅದರ ಗುಣವೇ ಅದು. ಪೆಟ್ಟಿಗೆಯ ಮೇಲೆ 12 ಮೀಟರ್ ಎಂದಿದ್ದರೆ ಬೇಸಿಗೆಯಲ್ಲಿ ಅಷ್ಟನ್ನು ನಂಬದೆ, ನಿಮಗೆ ಬೇಕಾದ ದೂರಕ್ಕಿಂತ ಸಾಕಷ್ಟು ಹೆಚ್ಚು ಅಳತೆಯದನ್ನು ಕೊಳ್ಳಿ.

ಇನ್ನೊಂದು ಬಗೆ ಮೈಕ್ರೋವೇವ್ ಸೆನ್ಸರ್. ಇದು ತಾನೇ ರೇಡಿಯೋ ಅಲೆ ಕಳುಹಿಸಿ, ತಿರುಗಿ ಬಂದ ಅಲೆಯಿಂದ ಚಲನೆ ಗುರುತಿಸುವ ಪುಟ್ಟ ರಾಡಾರ್. ಸೆಕೆ ಇದನ್ನು ಕುರುಡಾಗಿಸುವುದಿಲ್ಲ. ಆದರೆ ಅಲೆಗಳು ಗಾಜು, ಮರದ ಬಾಗಿಲು, ತೆಳು ಗೋಡೆಗಳನ್ನು ದಾಟುತ್ತವೆ. ಮಾಂಬಲಂ, ಮೈಲಾಪುರಗಳಂಥ ಕಡೆ ಗೋಡೆಗೆ ಗೋಡೆ ತಾಗಿದಂತಿರುವ ಮನೆಗಳಲ್ಲಿ ಪಕ್ಕದ ಮನೆಯವರು ಓಡಾಡಿದರೂ, ಬೀದಿಯಲ್ಲಿ ಆಟೋ ಹೋದರೂ ನಿಮ್ಮ ದೀಪ ಹೊತ್ತೀತು. ಸುತ್ತ ಜಾಗವಿರುವ ಒಂಟಿ ಮನೆಗೆ ಇದು ಸರಿ. ಒತ್ತಾದ ಬೀದಿಗೆ ಪಿಐಆರ್ ವಾಸಿ.

ಎಲ್ಲಿ ಕೂರಿಸಬೇಕು

ಎರಡರಿಂದ ಎರಡೂವರೆ ಮೀಟರ್ ಎತ್ತರ, ಅಂದರೆ ಬಾಗಿಲ ಚೌಕಟ್ಟಿನ ಮೇಲ್ಭಾಗ, ಪಿಐಆರ್‌ಗೆ ಹದವಾದ ಜಾಗ. ನೇರ ಎದುರಾಗಿ ನಡೆದು ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ. ಹಾಗಾಗಿ ಗೇಟಿಗೆ ಎದುರಾಗಿ ಹಾಕುವ ಬದಲು, ಗೇಟಿನಿಂದ ಬಾಗಿಲಿಗೆ ಬರುವ ದಾರಿಯ ಪಕ್ಕದ ಗೋಡೆಯಲ್ಲಿ ಹಾಕಿ. ಏಸಿಯ ಹೊರಗಿನ ಯಂತ್ರ ಬಿಸಿಗಾಳಿ ಊದುವ ಕಡೆಗೆ, ತೆಂಗಿನ ಗರಿ ಅಥವಾ ಬಾಳೆ ಅಲುಗಾಡುವ ಕಡೆಗೆ, ಬೀದಿಯ ಕಡೆಗೆ ಅದರ ಮುಖ ತಿರುಗಿಸಬೇಡಿ. ಬೇಡದ ಕಡೆಯಿದ್ದರೆ ಗುಮ್ಮಟದ ಆ ಭಾಗಕ್ಕೆ ಕಪ್ಪು ಟೇಪು ಅಂಟಿಸಿದರೆ ಸಾಕು. ಬೀದಿನಾಯಿ, ಬೆಕ್ಕುಗಳ ಕಾಟವಿದ್ದರೆ ಗುಮ್ಮಟದ ಕೆಳಭಾಗಕ್ಕೂ ಇದೇ ಉಪಾಯ.

ಸಾಮಾನ್ಯವಾಗಿ ಮೂರು ತಿರುಪು ಇರುತ್ತವೆ: ಎಷ್ಟು ಹೊತ್ತು ಉರಿಯಬೇಕು, ಎಷ್ಟು ಕತ್ತಲಾದ ಮೇಲೆ ಕೆಲಸ ಶುರುಮಾಡಬೇಕು, ಎಷ್ಟು ಸೂಕ್ಷ್ಮವಾಗಿರಬೇಕು. ಈ ಮೂರೂ ಇರುವುದನ್ನೇ ಕೊಳ್ಳಿ. ಯಾವುದನ್ನೂ ಬದಲಿಸಲಾಗದ ಅಗ್ಗದ ದೀಪ ಮಳೆಗಾಲಕ್ಕೊಂದು, ಬೇಸಿಗೆಗೊಂದು ಹೊಂದಿಸಲು ಬರುವುದಿಲ್ಲ.

ಮಳೆ ಮತ್ತು ಉಪ್ಪು

ಕರ್ನಾಟಕದಲ್ಲಿ ಮಳೆ ಮುಗಿಯುವ ಹೊತ್ತಿಗೆ ಇಲ್ಲಿ ಶುರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ, ಜೊತೆಗೆ ಚಂಡಮಾರುತ. ಗಾಳಿಯ ಹೊಡೆತಕ್ಕೆ ನೀರು ಅಡ್ಡಡ್ಡ ಬಡಿಯುವುದರಿಂದ ತೆರೆದ ಗೋಡೆಗೆ ಐಪಿ 65 ಎಂದು ಬರೆದಿರುವ ದೀಪವೇ ಬೇಕು. ಇಲ್ಲಿ 6 ಎಂದರೆ ಧೂಳು ಒಳಹೋಗದು. 5 ಎಂದರೆ ಪೈಪಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಪೋರ್ಟಿಕೊದ ಸೂರಿನ ಒಳಗಾದರೆ ಐಪಿ 44 ನಡೆಯುತ್ತದೆ. ಬೆಸೆಂಟ್ ನಗರ, ತಿರುವಾನ್ಮಿಯೂರು, ನೀಲಾಂಕರೈ ಕಡೆಯವರಿಗೆ ಉಪ್ಪುಗಾಳಿಯೂ ಶತ್ರು. ಅಲ್ಲಿ ಕಬ್ಬಿಣದ ತಿರುಪು ಬೇಗ ತುಕ್ಕು ಹಿಡಿಯುತ್ತದೆ. ಪಾಲಿಕಾರ್ಬೊನೇಟ್ ಕವಚ, ಸ್ಟೇನ್‌ಲೆಸ್ ಸ್ಟೀಲ್ ತಿರುಪು ಕೇಳಿ ತೆಗೆದುಕೊಳ್ಳಿ. ಗುಮ್ಮಟದ ಮೇಲೆ ಕೂರುವ ಉಪ್ಪನ್ನೂ ಧೂಳನ್ನೂ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಐಎಸ್ ಗುರುತನ್ನೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನೂ ನೋಡಲು ಮರೆಯಬೇಡಿ.

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಡಿದಾಗ ನಗರದ ಎಷ್ಟೋ ಬಡಾವಣೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಬೀದಿಯೇ ಕತ್ತಲಾದಾಗಲೇ ಅಲ್ಲವೇ ದೀಪ ಬೇಕಾದ್ದು? ಮನೆಯಲ್ಲಿ ಇನ್ವರ್ಟರ್ ಇದ್ದರೆ ಸೆನ್ಸರ್ ಲೈಟನ್ನು ಆ ಲೈನಿಗೇ ಕೊಡಿಸಿ. ಸೋಲಾರ್ ದೀಪಕ್ಕೆ ವೈರಿಂಗ್ ಗೋಜಿಲ್ಲ, ನಿಜ. ಆದರೆ ಮೋಡ ಕವಿದ ನವೆಂಬರಿನಲ್ಲಿ ಅದಕ್ಕೆ ಹೊಟ್ಟೆ ತುಂಬುವುದಿಲ್ಲ, ಮೇ ಬಿಸಿಲಿನಲ್ಲಿ ಬ್ಯಾಟರಿಯ ಆಯುಸ್ಸು ಕರಗುತ್ತದೆ. ಹಿತ್ತಲಿಗೆ, ತಾರಸಿಗೆ ಸರಿ. ಮುಂಬಾಗಿಲಿಗೆ ಅದೊಂದನ್ನೇ ನೆಚ್ಚಬೇಡಿ. ವೈರಿಂಗ್ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಲೋಹದ ಕವಚದ ದೀಪಕ್ಕೆ ಅರ್ಥಿಂಗ್ ಕೊಟ್ಟಿದ್ದಾರೆಯೇ ನೋಡಿ. ಮನೆ ಬಿಡುವಾಗ ಅಭ್ಯಾಸಬಲದಿಂದ ಆ ದೀಪದ ಸ್ವಿಚ್ ಆರಿಸಿದರೆ ಸೆನ್ಸರೂ ನಿದ್ದೆ ಹೋಗುತ್ತದೆ.

ಎಷ್ಟು ಬೆಳಕು?

ಪೋರ್ಟಿಕೊ, ಸಣ್ಣ ಅಂಗಳಕ್ಕೆ 10 ವ್ಯಾಟ್ ಎಲ್‌ಇಡಿ ಕೊಡುವ ಸುಮಾರು 1000 ಲ್ಯೂಮೆನ್ ಧಾರಾಳ. 50 ವ್ಯಾಟ್ ಫ್ಲಡ್ ಲೈಟ್ ಎದುರುಮನೆಯವರ ನಿದ್ದೆ ಕೆಡಿಸುವುದಷ್ಟೇ ಅಲ್ಲ, ಕಣ್ಣು ಕುಕ್ಕಿ ಅದರ ಪಕ್ಕದ ಕತ್ತಲನ್ನು ಇನ್ನೂ ಗಾಢ ಮಾಡುತ್ತದೆ. ಅಲ್ಲಿ ನಿಂತವನು ಕಾಣುವುದೇ ಇಲ್ಲ. 3000 ಕೆಲ್ವಿನ್‌ನ ಹಳದಿ ಬೆಳಕು, ನೆಲದ ಕಡೆ ಬಾಗಿದ ಮುಖ ಒಳ್ಳೆಯದು. ಕಡಲತಡಿಯವರಿಗೆ ಇನ್ನೊಂದು ಮಾತು. ಜನವರಿಯಿಂದ ಮಾರ್ಚಿನವರೆಗೆ ಆಲಿವ್ ರಿಡ್ಲಿ ಆಮೆಗಳು ಚೆನ್ನೈ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಒಡೆದು ಬಂದ ಮರಿಗಳು ಬೆಳಕೇ ಸಮುದ್ರವೆಂದು ತಿಳಿದು ಮನೆಗಳ ಕಡೆ ತೆವಳಿ ಸಾಯುತ್ತವೆ. ಅವನ್ನು ಕಾಪಾಡಲು ವಿದ್ಯಾರ್ಥಿಗಳೇ ಕಟ್ಟಿದ ಎಸ್‌ಎಸ್‌ಟಿಸಿಎನ್ ತಂಡ 1988ರಿಂದ ರಾತ್ರಿಯೆಲ್ಲ ದಡ ನಡೆಯುತ್ತಿದೆ. ನಿಮ್ಮ ದೀಪ ಕಡಲಿಗೆ ಬೆನ್ನು ಮಾಡಿರಲಿ.

ಖರ್ಚಿನ ಲೆಕ್ಕವನ್ನೂ ನೋಡೋಣ. 20 ವ್ಯಾಟ್ ದೀಪ ರಾತ್ರಿ 12 ಗಂಟೆ ಉರಿದರೆ, ಇ.ಬಿ.ಯವರ ಎರಡು ತಿಂಗಳ ಬಿಲ್ಲಿಗೆ 14 ಯೂನಿಟ್ ಮೇಲೆ. ಸೆನ್ಸರ್ ಇದ್ದು ರಾತ್ರಿಗೆ ಮುಕ್ಕಾಲು ಗಂಟೆ ಉರಿದರೆ ಎಲ್ಲ ಸೇರಿ ಎರಡು ಯೂನಿಟ್ ಒಳಗೆ. ಏಸಿಯ ದೆಸೆಯಿಂದ 500 ಯೂನಿಟ್ ಗೆರೆಯಲ್ಲಿ ತೂಗುವ ಮನೆಗಳಿಗೆ ಆ 12 ಯೂನಿಟ್ ಸಣ್ಣದಲ್ಲ.

ಹಾಕಿಸಿದ ರಾತ್ರಿಯೇ ಮನೆಯವರೊಬ್ಬರನ್ನು ಗೇಟಿನಿಂದ, ಕಾಂಪೌಂಡ್ ಮೂಲೆಯಿಂದ, ಹಿತ್ತಲಿನಿಂದ ನಡೆಸಿ ಪರೀಕ್ಷಿಸಿ. ಮೇ ತಿಂಗಳಲ್ಲಿ ಮತ್ತೊಮ್ಮೆ ಮಾಡಿ.

ಕೊನೆಗೆ ಒಂದು ಮಾತು. ದೀಪ ಕಳ್ಳನನ್ನು ಹಿಡಿಯುವುದಿಲ್ಲ, ತೋರಿಸುತ್ತದೆ ಅಷ್ಟೇ. ನೋಡುವ ಕಣ್ಣು ಬೇರೆ ಬೇಕು. ಊರಿಗೆ ಹೊರಡುವ ಮುನ್ನ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಎದುರುಮನೆಯ ಅಮ್ಮನವರಿಗೆ ಹೋಗುವ ದಿನ, ಬರುವ ದಿನ ಹೇಳಿ, ‘ರಾತ್ರಿ ಲೈಟ್ ಹೊತ್ತಿದರೆ ಒಂದು ಫೋನ್ ಮಾಡಿ’ ಎಂದು ಕೇಳಿಕೊಳ್ಳಿ. ಬರುವಾಗ ಅವರಿಗೊಂದು ಡಬ್ಬಿ ಮೈಸೂರ್ ಪಾಕ್ ತಂದರಾಯಿತು. ಪರಊರಿನಲ್ಲಿ ನೆರೆಯವರೇ ನೆಂಟರು.